ಕನ್ನಡಕ್ಕೆ ತಂದ ವ್ಯಕ್ತಿತ್ವ ಪ್ರಶ್ನಾವಳಿ ಮಲೆನಾಡಿನ ಹೆಂಗಸರಿಗೂ ಗಂಡಸರಿಗೂ ಒಂದೇ ಥರ ಅಳೆಯುತ್ತದೆಯೇ? ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನ ಒಂದು ವ್ಯಕ್ತಿತ್ವ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು, ಶಿವಮೊಗ್ಗದ ಸುತ್ತಮುತ್ತ ಇನ್ನೂರು ಜನರಿಂದ ತುಂಬಿಸುವುದು, ಗಂಡಸರ ಸರಾಸರಿಯನ್ನೂ ಹೆಂಗಸರ ಸರಾಸರಿಯನ್ನೂ ಅಕ್ಕಪಕ್ಕ ಇಟ್ಟು ಟಿ-ಟೆಸ್ಟ್ ಮಾಡುವುದು. ಎಷ್ಟೋ ಎಂ.ಎ. ಪ್ರಾಜೆಕ್ಟುಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ. ಕೊನೆಯಲ್ಲಿ "ಮಹಿಳೆಯರಲ್ಲಿ ಆತಂಕ ಜಾಸ್ತಿ" ಎಂಬ ವಾಕ್ಯ ಬರುತ್ತದೆ. ಆ ವಾಕ್ಯ ಹೇಳುತ್ತಿರುವುದು ಜನರ ಬಗ್ಗೆಯೋ, ಪ್ರಶ್ನೆಗಳ ಬಗ್ಗೆಯೋ? ಅದನ್ನು ತಿಳಿಯುವ ದಾರಿಯನ್ನೇ ಅಲ್ಲಿ ಇಟ್ಟುಕೊಂಡಿರುವುದಿಲ್ಲ.

ಜನರನ್ನು ಹೋಲಿಸುವ ಮೊದಲು ಪ್ರಶ್ನೆಗಳನ್ನು ಪರೀಕ್ಷಿಸಬೇಕು. ಈ ಬರಹ ಪೂರ್ತಿ ಆ ಒಂದು ಕೆಲಸದ ಬಗ್ಗೆ. ಮನಃಶಾಸ್ತ್ರ, ಸಮಾಜಶಾಸ್ತ್ರ, ಸಮಾಜಕಾರ್ಯ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸಂಖ್ಯಾಶಾಸ್ತ್ರದ ಹೆದರಿಕೆ ಇರುವವರೂ ಓದಬಹುದು. ಅರ್ಧಕ್ಕಿಂತ ಜಾಸ್ತಿ ಕೆಲಸ ಕಂಪ್ಯೂಟರ್ ಮುಂದೆ ಕೂರುವುದಕ್ಕೆ ಮೊದಲೇ ಆಗಬೇಕು.

ಏನು ಹೇಳಬೇಕು ಎಂದಿದ್ದೀರಿ? ಮೊದಲು ಅದನ್ನು ಬರೆದಿಡಿ

ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ: ಅಧ್ಯಯನ ಮುಗಿದಾಗ ನಾನು ಏನನ್ನು ಹೇಳಬೇಕು?

"ಶಿವಮೊಗ್ಗದ ಕಾಲೇಜು ವಿದ್ಯಾರ್ಥಿಗಳಲ್ಲಿ ಯಾರು ಹೆಚ್ಚು ಬಹಿರ್ಮುಖಿ, ಯಾರು ಕಡಿಮೆ" ಎನ್ನುವುದಷ್ಟೇ ಆದರೆ ಕೆಲಸ ಹಗುರ. "ಅಚ್ಚುಕಟ್ಟುತನಕ್ಕೂ ಪರೀಕ್ಷೆಯ ಅಂಕಕ್ಕೂ ಇರುವ ಸಂಬಂಧ ಹುಡುಗ ಹುಡುಗಿಯರಲ್ಲಿ ಒಂದೇ ಥರ ಇದೆಯೇ" ಎಂದರೆ ಇನ್ನೊಂದು ಮೆಟ್ಟಿಲು ಹತ್ತಬೇಕು. "ಹುಡುಗಿಯರ ಸರಾಸರಿ ಹೆಚ್ಚು" ಅಥವಾ "ಅಮೆರಿಕದವರಿಗಿಂತ ಮಲೆನಾಡಿಗರು ಇಷ್ಟು ಹೆಚ್ಚು" ಎಂದು ಹೇಳಬೇಕಾದರೆ ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು. ಯಾವ ಮಾತಿಗೆ ಯಾವ ಪುರಾವೆ ಬೇಕು ಎಂಬುದು ಮುಂದೆ ಬರುತ್ತದೆ.

ಸಂಸ್ಕೃತಿಗಳ ಹೋಲಿಕೆ ಮಾಡುವವರಿಗೆ ಇಲ್ಲೇ ಒಂದು ಎಚ್ಚರಿಕೆ. ತೀರ್ಥಹಳ್ಳಿಯವರು ಕನ್ನಡದಲ್ಲಿ ತುಂಬಿದರು, ಅಮೆರಿಕದವರು ಇಂಗ್ಲಿಷಿನಲ್ಲಿ ತುಂಬಿದರು, ಅಂಕ ಬೇರೆ ಬಂತು. ಕಾರಣ ಭಾಷೆಯೋ ಸಂಸ್ಕೃತಿಯೋ ಹೇಗೆ ಹೇಳುತ್ತೀರಿ? ಎರಡೂ ಒಟ್ಟಿಗೇ ಬದಲಾಗಿವೆ. ಅದಕ್ಕೇ ನಡುವೆ ಇನ್ನೊಂದು ಗುಂಪು ಬೇಕು. ಶಿವಮೊಗ್ಗದಲ್ಲೇ ಇದ್ದು ಇಂಗ್ಲಿಷಿನಲ್ಲಿ ತುಂಬುವವರು ಒಂದು ಗುಂಪಾಗಬಹುದು. ಇಲ್ಲವೇ ಕನ್ನಡದಲ್ಲೇ ತುಂಬುವ, ಆದರೆ ಬೇರೆ ಬದುಕಿನ ಕಲಬುರಗಿ ಅಥವಾ ಮಂಡ್ಯ ಕಡೆಯವರು. ಇಂಥ ಒಂದು ಗುಂಪು ಸೇರಿದರೂ ತೀರ್ಮಾನಕ್ಕೆ ಬಲ ಬರುತ್ತದೆ.

ಪ್ರಶ್ನಾವಳಿ ಆರಿಸುವುದು

ಇಲ್ಲಿ ಹೇಳುವ ಪ್ರಶ್ನಾವಳಿಗಳು ವ್ಯಕ್ತಿತ್ವವನ್ನು ಐದು ಗುಣಗಳಾಗಿ ಅಳೆಯುತ್ತವೆ: ಬಹಿರ್ಮುಖತೆ, ಅಚ್ಚುಕಟ್ಟುತನ, ಆತಂಕ, ಮುಕ್ತ ಮನಸ್ಸು, ಇತರರ ಜೊತೆ ಹೊಂದಿಕೊಳ್ಳುವ ಸ್ವಭಾವ. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಐಪಿಐಪಿ (ಇಂಟರ್ನ್ಯಾಷನಲ್ ಪರ್ಸನಾಲಿಟಿ ಐಟಂ ಪೂಲ್). ಲೂಯಿಸ್ ಗೋಲ್ಡ್‌ಬರ್ಗ್ ಶುರುಮಾಡಿದ ಈ ಹೇಳಿಕೆಗಳ ಭಂಡಾರ ಎಲ್ಲರಿಗೂ ಮುಕ್ತ. ಹಣ ಕೊಡಬೇಕಿಲ್ಲ, ಅನುವಾದಕ್ಕೆ ಅನುಮತಿ ಬೇಕಿಲ್ಲ. ಬಿಎಫ್ಐ-2 ಕೂಡ ಒಳ್ಳೆಯದು. ಕ್ರಿಸ್ಟೋಫರ್ ಸೋಟೋ ಮತ್ತು ಆಲಿವರ್ ಜಾನ್ 2017ರಲ್ಲಿ ಪ್ರಕಟಿಸಿದ ಅದರಲ್ಲಿ 60 ಹೇಳಿಕೆಗಳಿವೆ. ಆದರೆ ಅನುವಾದಿಸುವ ಮುಂಚೆ ಲೇಖಕರಿಗೆ ಪತ್ರ ಬರೆಯಿರಿ. ನಿಯೋ ಪ್ರಶ್ನಾವಳಿಗಳು ಪ್ರಕಾಶಕರ ಆಸ್ತಿ. ಪರವಾನಗಿ ಇಲ್ಲದೆ ಮುಟ್ಟಬೇಡಿ.

ತೀರಾ ಚಿಕ್ಕದಕ್ಕೆ ಆಸೆಪಡಬೇಡಿ. 2003ರ ಟಿಪಿ ಪ್ರಶ್ನಾವಳಿಯಲ್ಲಿ ಒಂದು ಗುಣಕ್ಕೆ ಎರಡೇ ಹೇಳಿಕೆ, 2006ರ ಮಿನಿ-ಐಪಿಐಪಿಯಲ್ಲಿ ನಾಲ್ಕು. ಅನುವಾದದಲ್ಲಿ ಒಂದು ಹೇಳಿಕೆ ಕೆಟ್ಟರೂ ಆ ಗುಣ ಕುಸಿಯುತ್ತದೆ. 50 ಹೇಳಿಕೆಗಳ ಐಪಿಐಪಿಯಲ್ಲಿ ಗುಣಕ್ಕೆ ಹತ್ತು ಇರುವುದರಿಂದ ಒಂದೆರಡನ್ನು ಬಿಟ್ಟರೂ ಉಳಿದವು ನಿಲ್ಲುತ್ತವೆ.

ಈಗಾಗಲೇ ಕನ್ನಡದಲ್ಲಿ ಯಾರಾದರೂ ತಂದಿದ್ದಾರೆಯೇ ಎಂದೂ ಹುಡುಕಿ. ಕುವೆಂಪು ವಿಶ್ವವಿದ್ಯಾಲಯದ ಗ್ರಂಥಾಲಯ ಹತ್ತಿರದಲ್ಲೇ ಇದೆ. ಶೋಧಗಂಗಾದಲ್ಲಿ ದೇಶದ ಪ್ರಬಂಧಗಳನ್ನು ಕೂತಲ್ಲೇ ನೋಡಬಹುದು. ಸಿಕ್ಕಿದರೆ ಅದನ್ನೇ ಪರೀಕ್ಷಿಸಿ. ಹೊಸ ಅನುವಾದಕ್ಕಿಂತ ಹಳೆಯದರ ಸರಿಯಾದ ಪರೀಕ್ಷೆ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅನುವಾದ

ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ಹೇಳಿಕೊಟ್ಟ ಹಿಮ್ಮುಖ ಅನುವಾದ ಎಲ್ಲರಿಗೂ ಗೊತ್ತು. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಹಾಕುತ್ತಾರೆ. ಎರಡು ಇಂಗ್ಲಿಷುಗಳನ್ನು ಹೋಲಿಸಬೇಕು. ಇದನ್ನು ಮಾಡಿ, ಆದರೆ ಇದನ್ನೇ ನಂಬಬೇಡಿ. ಪದಕ್ಕೆ ಪದ ಇಟ್ಟ ಕೆಟ್ಟ ಕನ್ನಡ ಬಹಳ ಚೆನ್ನಾಗಿ ಮೂಲಕ್ಕೆ ವಾಪಸ್ ಹೋಗುತ್ತದೆ! ಒಳ್ಳೆಯ ಕನ್ನಡ ಕೆಲವೊಮ್ಮೆ ಹೋಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಕ್ರಮ ಹೀಗೆ. ಇಬ್ಬರು ಬೇರೆ ಬೇರೆ ಕೂತು ಅನುವಾದಿಸಲಿ. ಒಬ್ಬರು ಮನಃಶಾಸ್ತ್ರ ಗೊತ್ತಿರುವವರು, ಇನ್ನೊಬ್ಬರು ಬರೀ ಕನ್ನಡ ಚೆನ್ನಾಗಿ ಬರುವವರು. ಒಬ್ಬರು ಹೆಣ್ಣು, ಒಬ್ಬರು ಗಂಡು ಆದರೆ ಇನ್ನೂ ಒಳ್ಳೆಯದು. ಆಮೇಲೆ ಐದಾರು ಜನ ಮೇಜಿನ ಸುತ್ತ ಕೂತು ಒಂದೊಂದೇ ಹೇಳಿಕೆ ಹಿಡಿದು ಚರ್ಚಿಸಲಿ. ಯಾವುದನ್ನು ಯಾಕೆ ಆರಿಸಿದೆವು ಎಂದು ಒಬ್ಬರು ಬರೆದುಕೊಳ್ಳಲಿ. ಈ ಟಿಪ್ಪಣಿಗೆ ಮುಂದೆ ಬಹಳ ಬೆಲೆ ಬರುತ್ತದೆ. ಅಂತರರಾಷ್ಟ್ರೀಯ ಟೆಸ್ಟ್ ಕಮಿಷನ್ 2017ರಲ್ಲಿ ಪ್ರಕಟಿಸಿದ, ಪರೀಕ್ಷೆಗಳ ಅನುವಾದಕ್ಕೆ ಇರುವ ಎರಡನೇ ಆವೃತ್ತಿಯ ಸೂಚನೆಗಳು 18 ಇವೆ. ಅವನ್ನು ಪ್ರಿಂಟ್ ಹಾಕಿಸಿ ಅದೇ ಮೇಜಿನ ಮೇಲೆ ಇಟ್ಟುಕೊಳ್ಳಿ.

ಕನ್ನಡದಲ್ಲಿ ವಿಶೇಷವಾಗಿ ನೋಡಬೇಕಾದದ್ದು ಲಿಂಗ. "ನಾನು ಮಾಡುತ್ತೇನೆ" ಎನ್ನುವಾಗ ಗಂಡು ಹೆಣ್ಣು ಭೇದವಿಲ್ಲ. ಅದು ನಮಗೆ ದೊಡ್ಡ ಅನುಕೂಲ. "ನಾನು ಮಾತುಗಾರ", "ನಾನು ಸಂಕೋಚದವನು" ಎಂದು ಬರೆದ ಕೂಡಲೇ ಅರ್ಧ ಜನರನ್ನು ಹೊರಗೆ ನಿಲ್ಲಿಸಿದ ಹಾಗೆ. "ಮಾತುಗಾರ/ಮಾತುಗಾರ್ತಿ" ಎಂದು ಓರೆಗೆರೆ ಹಾಕುವುದಕ್ಕಿಂತ "ನಾನು ಜಾಸ್ತಿ ಮಾತಾಡುತ್ತೇನೆ" ಎಂದು ಕ್ರಿಯಾಪದಕ್ಕೆ ತಿರುಗಿಸಿ. ಪ್ರತಿಯೊಂದು ಹೇಳಿಕೆಯನ್ನೂ ಹೀಗೆ ಸೋಸಬೇಕು. ಸಂಸ್ಕೃತಿ, ಲಿಂಗ ಎರಡರ ನಡುವೆಯೂ ಹೋಲಿಸಲು ಹೊರಟವರಿಗೆ ಇದು ವ್ಯಾಕರಣದ ಸಣ್ಣ ವಿಷಯ ಅಲ್ಲ.

ಇನ್ನೊಂದು ಕಷ್ಟ "ಇಲ್ಲ". "ನಾನು ಹೆಚ್ಚು ಮಾತಾಡುವುದಿಲ್ಲ" ಎಂಬ ಹೇಳಿಕೆ, ಅದಕ್ಕೆ "ಒಪ್ಪುವುದಿಲ್ಲ" ಎಂಬ ಉತ್ತರ. ಎರಡು ಇಲ್ಲಗಳ ನಡುವೆ ಓದುವವರು ಸಿಕ್ಕಿಕೊಳ್ಳುತ್ತಾರೆ. "ನಾನು ಮಾತಾಡುವುದು ಕಡಿಮೆ" ಎಂದರೆ ಅರ್ಥ ಅದೇ, ಗೋಜಲು ಇಲ್ಲ. ಉತ್ತರದ ಸಾಲಿನಲ್ಲೂ "ಒಪ್ಪುತ್ತೇನೆ"ಗಿಂತ "ನನಗೆ ಹೊಂದುತ್ತದೆ" ಎಂಬ ಮಾತು ಐಪಿಐಪಿಗೆ ಹತ್ತಿರ. ಐದು ಆಯ್ಕೆಗಳ ಸಾಲಿನಲ್ಲಿ ನಡುವಿನ ಮನೆಗೆ "ಗೊತ್ತಿಲ್ಲ" ಎಂದು ಬರೆಯಬೇಡಿ. ತನ್ನ ಬಗ್ಗೆ ಗೊತ್ತಿಲ್ಲದಿರುವುದು ಬೇರೆ, ಅರ್ಧ ಹೊಂದುವುದು ಬೇರೆ.

ಊರಿಗೆ ಹೊಂದದ ಸನ್ನಿವೇಶಗಳೂ ಇರುತ್ತವೆ. ಪಾರ್ಟಿಗಳಲ್ಲಿ ಹಲವರ ಜೊತೆ ಮಾತಾಡುತ್ತೇನೆ ಎಂಬ ಬಹಿರ್ಮುಖತೆಯ ಹೇಳಿಕೆ ನೋಡಿ. ನಮ್ಮಲ್ಲಿ ಪಾರ್ಟಿ ಎಂದರೆ ರಾಜಕೀಯ ಪಕ್ಷ, ಇಲ್ಲವೇ ಗಂಡಸರು ಗುಂಡು ಹಾಕುವ ಕೂಟ. ಹೆಂಗಸೊಬ್ಬರು ಅದಕ್ಕೆ ಏನೆಂದು ಟಿಕ್ ಮಾಡಬೇಕು? "ಮದುವೆ ಮನೆಯಲ್ಲಿ" ಎಂದು ಬದಲಾಯಿಸಬಹುದು. ಆದರೆ ಮಲೆನಾಡಿನ ಮದುವೆ ಮನೆಯಲ್ಲಿ ಬಂದವರನ್ನೆಲ್ಲ ಮಾತಾಡಿಸುವುದು ಮನೆಯವರ ಕರ್ತವ್ಯ. ನಾಚಿಕೆ ಸ್ವಭಾವದವರೂ ಮಾತಾಡಿಸಲೇಬೇಕು. "ಜಾತ್ರೆ, ಸಮಾರಂಭಗಳಲ್ಲಿ ಗುರುತಿಲ್ಲದವರನ್ನೂ ನಾನಾಗಿಯೇ ಮಾತಾಡಿಸುತ್ತೇನೆ" ಎಂಬುದು ಸ್ವಲ್ಪ ವಾಸಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದು. ಆದ್ದರಿಂದ ಒಂದೇ ಜಾತ್ರೆಯ ಹೆಸರು ಹಾಕದೆ ಸಾಮಾನ್ಯವಾಗಿ ಬರೆಯಿರಿ.

ಜನರ ಎದುರು ಓದಿ ನೋಡುವುದು

ಎಲ್ಲರೂ ಹಾರಿಸುವ ಹಂತ ಇದು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ.

ಎಂಟು ಹತ್ತು ಹೆಂಗಸರು, ಅಷ್ಟೇ ಗಂಡಸರು. ಪೇಟೆಯವರು ಕೆಲವರು, ಹೊಸನಗರ, ಸೊರಬದ ಹಳ್ಳಿಗಳವರು ಕೆಲವರು. ಮನೆಮಾತು ಕನ್ನಡ ಆಗಿರದವರನ್ನೂ ಮರೆಯಬೇಡಿ. ಜಿಲ್ಲೆಯಲ್ಲಿ ಉರ್ದು, ಲಂಬಾಣಿ, ಕೊಂಕಣಿ, ತುಳು ಆಡುವವರಿದ್ದಾರೆ. ಸಾಗರದ ಕಡೆ ಹವ್ಯಕ ಮಾತು ಬೇರೆಯೇ. ಭದ್ರಾವತಿಯಲ್ಲಿ ಕಾರ್ಖಾನೆಗಳ ಕಾಲದಿಂದ ತಮಿಳು, ತೆಲುಗು ಮನೆಗಳಿವೆ. ಇವರಿಗೆಲ್ಲ ಪ್ರಶ್ನಾವಳಿಯ ಕನ್ನಡ ಶಾಲೆಯಲ್ಲಿ ಕಲಿತ ಕನ್ನಡ.

ಒಬ್ಬೊಬ್ಬರ ಜೊತೆ ಬೇರೆಯಾಗಿ ಕೂರಿ. ಹೇಳಿಕೆ ಓದಿ, ಉತ್ತರ ಕೊಡಲಿ. ಆಮೇಲೆ ಕೇಳಿ: "ಈ ಮಾತು ಕೇಳಿದಾಗ ನಿಮಗೆ ಏನು ನೆನಪಾಯ್ತು?" "ನಿಮ್ಮ ಮಾತಿನಲ್ಲಿ ಇದನ್ನೇ ಹೇಗೆ ಹೇಳ್ತೀರಿ?" "ಯಾರಿಗೆ ಹೋಲಿಸಿಕೊಂಡು ಈ ಉತ್ತರ ಕೊಟ್ರಿ?" ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಅದರ ಕಾರಣ ಮುಂದೆ ಹೇಳುತ್ತೇನೆ.

ಹೆಂಗಸರ ಜೊತೆ ಹೆಂಗಸರೇ ಮಾತಾಡಲಿ. ಜಗುಲಿಯಲ್ಲಿ ಮಾವ, ಒಳಗೆ ಅತ್ತೆ ಕೇಳಿಸಿಕೊಳ್ಳುತ್ತಿರುವಾಗ "ನನಗೆ ಬೇಗ ಸಿಟ್ಟು ಬರುತ್ತದೆ" ಎಂಬುದಕ್ಕೆ ಸೊಸೆ ಏನು ಹೇಳಿಯಾಳು? ಸ್ತ್ರೀಶಕ್ತಿ ಸಂಘದ ಸಭೆ ಮುಗಿದ ಮೇಲೆ ಪಕ್ಕಕ್ಕೆ ಕೂತು ಮಾತಾಡಿದರೆ ಉತ್ತರದ ಬಣ್ಣವೇ ಬೇರೆ ಆಗಬಹುದು.

ಯಾವ ಹೇಳಿಕೆಗಳ ಮೇಲೆ ಕಣ್ಣಿಡಬೇಕು? "ಮನೆಗೆಲಸವನ್ನು ಕೂಡಲೇ ಮುಗಿಸುತ್ತೇನೆ" ಎಂಬುದು ಅಚ್ಚುಕಟ್ಟುತನದ ಹೇಳಿಕೆ. ಬೆಳಗ್ಗೆ ಕೊಟ್ಟಿಗೆ, ತಿಂಡಿ, ಮಕ್ಕಳ ಡಬ್ಬಿ, ಸೀಸನ್ನಿನಲ್ಲಿ ರಾತ್ರಿ ಅಡಿಕೆ ಸುಲಿಯುವುದು. ಇದನ್ನೆಲ್ಲ ಮಾಡುವ ಹೆಂಗಸು ಕೂಡಲೇ ಮುಗಿಸದೆ ಏನು ಮಾಡುತ್ತಾಳೆ? ಅಲ್ಲಿ ಸ್ವಭಾವಕ್ಕೆ ಜಾಗವೇ ಕಡಿಮೆ. "ನನ್ನ ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುತ್ತೇನೆ" ಎಂಬುದಕ್ಕೆ ಹಿಂದಿನಿಂದ ಎತ್ತಿಡುವವರು ಇರುವ ಗಂಡಸು "ಇಲ್ಲವಲ್ಲ" ಎನ್ನಬಹುದು. ಮನೆ ಅಚ್ಚುಕಟ್ಟಾಗಿಯೇ ಕಾಣುತ್ತದೆ, ಅಲ್ವಾ? "ನನಗೆ ಬಹಳ ಪದಗಳು ಗೊತ್ತು" ಎಂಬ ಹೇಳಿಕೆ ಮುಕ್ತ ಮನಸ್ಸಿನ ಬದಲು ಎಷ್ಟು ಓದಿದ್ದಾರೆ ಎಂಬುದನ್ನು ಅಳೆದೀತು. ಇವೆಲ್ಲ ಊಹೆಗಳು. ಬರೆದಿಟ್ಟುಕೊಳ್ಳಿ. ಅಂಕಿಗಳು ಬಂದ ಮೇಲೆ ಇವನ್ನೇ ಪರೀಕ್ಷಿಸುತ್ತೀರಿ.

ಚಿಕ್ಕ ಪರೀಕ್ಷೆ

ಎರಡೂ ಭಾಷೆ ಚೆನ್ನಾಗಿ ಬರುವವರು ಸಿಕ್ಕರೆ ಅವರಿಂದ ಕೆಲವು ವಾರಗಳ ಅಂತರದಲ್ಲಿ ಎರಡೂ ಭಾಷೆಯಲ್ಲಿ ತುಂಬಿಸಿ. ಅರ್ಧ ಜನ ಮೊದಲು ಕನ್ನಡ, ಅರ್ಧ ಜನ ಮೊದಲು ಇಂಗ್ಲಿಷ್. ಒಂದು ಹೇಳಿಕೆಯ ಎರಡು ಉತ್ತರ ದೂರ ಹೋದರೆ ಅನುವಾದವನ್ನು ಮತ್ತೆ ನೋಡಿ.

ಆಮೇಲೆ ನೂರರ ಆಸುಪಾಸು ಜನರ ಮೇಲೆ ಪೈಲಟ್. ಎಲ್ಲರೂ ಒಂದೇ ಉತ್ತರ ಕೊಟ್ಟ ಹೇಳಿಕೆ ಯಾವುದು, ಹೆಚ್ಚು ಜನ ಖಾಲಿ ಬಿಟ್ಟದ್ದು ಯಾವುದು, ತನ್ನ ಗುಣದ ಉಳಿದ ಹೇಳಿಕೆಗಳ ಜೊತೆ ಹೊಂದದ್ದು ಯಾವುದು. ಇಷ್ಟು ಸಾಕು. ಕ್ರೋನ್‌ಬಾಕ್‌ನ ಆಲ್ಫಾ ನೋಡಿ, ಸಾಧ್ಯವಾದರೆ ಒಮೆಗಾ ಕೂಡ ನೋಡಿ. ಒಂದು ಗುಣದ ಹೇಳಿಕೆಗಳು ಒಟ್ಟಾಗಿ ಎಷ್ಟು ವಿಶ್ವಾಸಾರ್ಹವಾಗಿ ಅಳೆಯುತ್ತವೆ ಎಂದು ಹೇಳುವ ಸಂಖ್ಯೆಗಳು ಇವು. ಎರಡನ್ನೂ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಲೆಕ್ಕ ಹಾಕಿ. ಆಲ್ಫಾ 0.70 ದಾಟಿತು ಎಂದು ಸಂತೋಷಪಟ್ಟು ನಿಲ್ಲಿಸಬೇಡಿ. ಹೇಳಿಕೆಗಳ ಸಂಖ್ಯೆ ಹೆಚ್ಚಿದ ಹಾಗೆ ಆಲ್ಫಾ ಏರುತ್ತದೆ. ಎರಡು ಗುಂಪಿನಲ್ಲೂ ಒಂದೇ ಆಲ್ಫಾ ಬಂದರೂ ಎರಡೂ ಕಡೆ ಒಂದೇ ಗುಣವನ್ನು ಅಳೆದ ಹಾಗಲ್ಲ.

ದೊಡ್ಡ ಸ್ಯಾಂಪಲ್

ಒಂದೊಂದು ಗುಂಪಿಗೆ ಕನಿಷ್ಠ 200, ಆದರೆ 300 ದಾಟುವುದು ಒಳ್ಳೆಯದು. ಎರಡು ಊರು, ಎರಡು ಲಿಂಗ ಎಂದರೆ ನಾಲ್ಕು ಗುಂಪು. ಒಬ್ಬರಿಂದ ಆಗದ ಕೆಲಸ. ಇಬ್ಬರು ಮೂವರು ಸೇರಿ ಮಾಡಿ.

ಸಂಖ್ಯೆಗಿಂತ ಮುಖ್ಯವಾದದ್ದು ಹೊಂದಾಣಿಕೆ. 2011ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಗಂಡಸರ ಸಾಕ್ಷರತೆ ಸುಮಾರು ಶೇ. 86, ಹೆಂಗಸರದ್ದು ಸುಮಾರು ಶೇ. 75. ಸಿಕ್ಕವರಿಂದೆಲ್ಲ ತುಂಬಿಸಿದರೆ ನೀವು ಹೋಲಿಸುವುದು ಹೆಣ್ಣು ಗಂಡನ್ನಲ್ಲ, ಕಡಿಮೆ ಓದಿದವರನ್ನೂ ಹೆಚ್ಚು ಓದಿದವರನ್ನೂ. ವಯಸ್ಸು, ಓದು, ಪೇಟೆ-ಹಳ್ಳಿ, ಮನೆಮಾತು ಎರಡೂ ಗುಂಪಿನಲ್ಲಿ ಆದಷ್ಟು ಒಂದೇ ಪ್ರಮಾಣದಲ್ಲಿರಲಿ.

ಗೂಗಲ್ ಫಾರ್ಮ್ ಸುಲಭ ಎನಿಸುತ್ತದೆ. ಆದರೆ ಆಗುಂಬೆ ಕಡೆಯ ಎಷ್ಟೋ ಮನೆಗಳಿಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಫೋನು ಹೆಚ್ಚಾಗಿ ಮಗನ ಅಥವಾ ಗಂಡನ ಕೈಯಲ್ಲಿರುತ್ತದೆ. ಲಿಂಕ್ ಕಳಿಸಿದರೆ ಯಾರು ತುಂಬಿದರೋ ತಿಳಿಯುವುದಿಲ್ಲ. ಕಾಗದದ ಮೇಲೆ ತುಂಬಿಸಿ. ಓದಲು ಕಷ್ಟವಾಗುವವರಿಗೆ ಓದಿ ಹೇಳಿ, ಆದರೆ ಓದಿ ಹೇಳಿದ್ದನ್ನು ಗುರುತು ಹಾಕಿ. ಎದುರಿಗೆ ಕೂತವರಿಗೆ ಕೊಡುವ ಉತ್ತರ ಒಬ್ಬರೇ ಬರೆಯುವ ಉತ್ತರಕ್ಕಿಂತ ನಯವಾಗಿರುತ್ತದೆ. ಹೆಂಗಸರಿಗೆಲ್ಲ ಓದಿ ಹೇಳಿ, ಗಂಡಸರಿಗೆಲ್ಲ ಹಾಳೆ ಕೊಟ್ಟರೆ ವ್ಯತ್ಯಾಸ ಅಲ್ಲೇ ಹುಟ್ಟುತ್ತದೆ. ಸಮಯವನ್ನೂ ನೋಡಿಕೊಳ್ಳಿ. ನಾಟಿಯ ವೇಳೆ, ಅಡಿಕೆ ಕೊಯ್ಲಿನ ವೇಳೆ ಯಾರಿಗೂ 50 ಹೇಳಿಕೆ ಓದುವ ತಾಳ್ಮೆ ಇರುವುದಿಲ್ಲ.

ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ನಿಮಗೆ ದಾರಿ ತೋರಿಸುತ್ತದೆ. 18 ತುಂಬದವರಾದರೆ ಪೋಷಕರ ಒಪ್ಪಿಗೆಯೂ ಮಗುವಿನ ಒಪ್ಪಿಗೆಯೂ ಬೇಕು. ಹೆಸರು, ಫೋನ್ ನಂಬರು ಉತ್ತರದ ಹಾಳೆಯ ಮೇಲೆ ಬೇಡ. ಲಿಂಗದ ಪ್ರಶ್ನೆಯಲ್ಲಿ ಎರಡೇ ಮನೆ ಇಡಬೇಡಿ. ಮೂರನೆಯದನ್ನು ಆರಿಸಿದವರ ಸಂಖ್ಯೆ ಗುಂಪು ಹೋಲಿಕೆಗೆ ಸಾಲದೇ ಇರಬಹುದು. ಆದರೂ ಅವರ ಉತ್ತರವನ್ನು ಎಸೆಯದೆ, ಎಷ್ಟು ಜನ ಎಂದು ವರದಿಯಲ್ಲಿ ಹೇಳಿ.

ಅಂಕಿಗಳನ್ನು ಶುಚಿ ಮಾಡಿ, ರಚನೆ ನೋಡಿ

ಹಿಮ್ಮುಖ ಹೇಳಿಕೆಗಳ, ಅಂದರೆ "ನಾನು ಮಾತಾಡುವುದು ಕಡಿಮೆ" ಎಂಬಂತೆ ಗುಣದ ವಿರುದ್ಧ ದಿಕ್ಕಿನಲ್ಲಿ ಬರೆದವುಗಳ, ಅಂಕ ತಿರುಗಿಸಿ. 5 ಇದ್ದದ್ದು 1, 4 ಇದ್ದದ್ದು 2. ಮೇಲಿಂದ ಕೆಳಗಿನವರೆಗೆ ಒಂದೇ ಮನೆಗೆ ಟಿಕ್ ಹಾಕಿದ ಹಾಳೆಗಳನ್ನು ಬೇರೆ ಇಡಿ. ಎಲ್ಲದಕ್ಕೂ "ಹೌದು" ಎನ್ನುವ ಅಭ್ಯಾಸ ಕೆಲವು ಗುಂಪಿನಲ್ಲಿ ಹೆಚ್ಚಿರುತ್ತದೆ. ಓದು ಕಡಿಮೆ ಇದ್ದ ಕಡೆ ಇದು ಹೆಚ್ಚು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನೇರ ಮತ್ತು ಹಿಮ್ಮುಖ ಹೇಳಿಕೆಗಳು ಸಮವಾಗಿದ್ದರೆ ಮಾತ್ರ ಇದನ್ನು ಹಿಡಿಯಲಾಗುತ್ತದೆ.

ಈಗ ರಚನೆ. ಐದು ಗುಣಗಳು ನಿಮ್ಮ ಅಂಕಿಗಳಲ್ಲೂ ಕಾಣುತ್ತವೆಯೇ? ಕಾಣಲೇಬೇಕು ಎಂದು ಹೊರಡಬೇಡಿ. ಮೈಕೆಲ್ ಗರ್ವೆನ್ ಮತ್ತು ಜೊತೆಗಾರರು 2013ರಲ್ಲಿ ಬೊಲಿವಿಯಾದ ಚಿಮಾನೆ ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. 632 ವಯಸ್ಕರು, ಅವರದೇ ಭಾಷೆಯಲ್ಲಿ ಪ್ರಶ್ನೆಗಳು. ಐದು ಗುಣಗಳ ರಚನೆಗೆ ಅಲ್ಲಿ ಗಟ್ಟಿ ಆಧಾರ ಸಿಗಲಿಲ್ಲ. ವಿದ್ಯಾರ್ಥಿಗಳ ಮೇಲೆ ಚೆನ್ನಾಗಿ ನಿಂತ ಪ್ರಶ್ನಾವಳಿ ಕೃಷಿಕರ ಮೇಲೆ ನಿಲ್ಲದೇ ಹೋಗಬಹುದು.

ಮೊದಲು ಎಕ್ಸ್‌ಪ್ಲೊರೇಟರಿ ಫ್ಯಾಕ್ಟರ್ ಅನಾಲಿಸಿಸ್, ಅಂದರೆ ಯಾವ ಹೇಳಿಕೆಗಳು ತಾವಾಗಿಯೇ ಒಂದು ಗುಣವಾಗಿ (ಫ್ಯಾಕ್ಟರ್) ಸೇರುತ್ತವೆ ಎಂದು ಹುಡುಕುವುದು. ಎಷ್ಟು ಫ್ಯಾಕ್ಟರ್ ಎಂದು ತೀರ್ಮಾನಿಸಲು ಪ್ಯಾರಲಲ್ ಅನಾಲಿಸಿಸ್. ಒಂದು ಹೇಳಿಕೆ ಒಂದು ಗುಣಕ್ಕೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂಬ ಸಂಖ್ಯೆಗೆ ಲೋಡಿಂಗ್ ಎನ್ನುತ್ತಾರೆ. ಬಂದ ಲೋಡಿಂಗ್‌ಗಳನ್ನು ಮೂಲದ ಲೋಡಿಂಗ್‌ಗಳ ಜೊತೆ ಟಕ್ಕರ್‌ನ ಹೋಲಿಕೆ ಗುಣಾಂಕದಿಂದ ನೋಡಿ. 0.95 ದಾಟಿದರೆ ಎರಡೂ ಒಂದೇ ಎನ್ನಬಹುದು. 0.85ರಿಂದ 0.94 ಆದರೆ ಸುಮಾರಾಗಿ ಹೋಲುತ್ತವೆ. ಅದಕ್ಕಿಂತ ಕೆಳಗಿದ್ದರೆ ಸರಾಸರಿಗಳ ಹೋಲಿಕೆಯನ್ನು ಇಲ್ಲೇ ಬಿಡಿ.

ಆಮೇಲೆ ಕನ್ಫರ್ಮೇಟರಿ ಅನಾಲಿಸಿಸ್, ಅಂದರೆ ಮೊದಲೇ ಹೇಳಿದ ರಚನೆ ಅಂಕಿಗಳಿಗೆ ಹೊಂದುತ್ತದೆಯೇ ಎಂದು ನೋಡುವುದು. ಹೊಂದಾಣಿಕೆಯ ಒಂದು ಅಳತೆ ಸಿಎಫ್‌ಐ, 1ಕ್ಕೆ ಹತ್ತಿರವಾದಷ್ಟು ಒಳ್ಳೆಯದು. ಇಲ್ಲಿ ಎದೆಗುಂದಬೇಡಿ. ವ್ಯಕ್ತಿತ್ವದ ಹೇಳಿಕೆಗಳು ಒಂದಕ್ಕಿಂತ ಹೆಚ್ಚು ಗುಣಗಳಿಗೆ ಅಂಟಿಕೊಂಡಿರುತ್ತವೆ. ಆದ್ದರಿಂದ ಕಟ್ಟುನಿಟ್ಟಿನ ಮಾದರಿಯಲ್ಲಿ ಸಿಎಫ್‌ಐ 0.90 ಮುಟ್ಟುವುದೇ ಕಷ್ಟ, ಮೂಲ ಭಾಷೆಯಲ್ಲೂ ಹಾಗೇ. ಅಸ್ಪರೌಹೋವ್ ಮತ್ತು ಮುಥೇನ್ 2009ರಲ್ಲಿ ಮಂಡಿಸಿದ ಇಎಸ್‌ಇಎಂ ಎಂಬ ವಿಧಾನ ಈ ಸಣ್ಣ ಅಂಟುಗಳಿಗೆ ಜಾಗ ಕೊಡುತ್ತದೆ. ವ್ಯಕ್ತಿತ್ವಕ್ಕೆ ಅದೇ ಹೆಚ್ಚು ಸೂಕ್ತ.

ಸಮಾನತೆಯ ಮೆಟ್ಟಿಲುಗಳು

ಎಲ್ಲಕ್ಕಿಂತ ಮುಖ್ಯವಾದ ಈ ಪರೀಕ್ಷೆಗೆ ಇನ್ವೇರಿಯನ್ಸ್ ಟೆಸ್ಟಿಂಗ್ ಎನ್ನುತ್ತಾರೆ. ಎರಡು ಅಡಿಕೆ ಮಂಡಿಗಳ ತಕ್ಕಡಿ ನೆನೆಸಿಕೊಳ್ಳಿ. ಎರಡೂ ತೂಕವನ್ನೇ ಅಳೆಯುತ್ತವೆ, ಬೇರೇನನ್ನೂ ಅಲ್ಲ ಎಂಬುದು ಮೊದಲ ಖಾತ್ರಿ. ಒಂದು ಕಿಲೋ ಹೆಚ್ಚಿಗೆ ಹಾಕಿದರೆ ಎರಡರಲ್ಲೂ ಮುಳ್ಳು ಅಷ್ಟೇ ಸರಿಯುತ್ತದೆ ಎಂಬುದು ಎರಡನೆಯದು. ಖಾಲಿ ಇದ್ದಾಗ ಎರಡೂ ಸೊನ್ನೆಯನ್ನೇ ತೋರಿಸುತ್ತವೆ ಎಂಬುದು ಮೂರನೆಯದು. ಮೂರನೆಯದು ಇಲ್ಲದಿದ್ದರೆ ಎರಡು ಮಂಡಿಯ ತೂಕವನ್ನು ಹೋಲಿಸಲು ಬರುವುದಿಲ್ಲ.

ಪ್ರಶ್ನಾವಳಿಯಲ್ಲಿ ಮೊದಲನೆಯದಕ್ಕೆ ಕಾನ್ಫಿಗರಲ್ ಎಂದು ಹೆಸರು. ಎರಡು ಗುಂಪಿನಲ್ಲೂ ಅದೇ ಹೇಳಿಕೆಗಳು ಅದೇ ಗುಣದ ಕೆಳಗೆ ಸೇರುತ್ತವೆ. ಎರಡನೆಯದು ಮೆಟ್ರಿಕ್. ಲೋಡಿಂಗ್‌ಗಳು ಎರಡೂ ಕಡೆ ಒಂದೇ. ಇದು ಸಿಕ್ಕರೆ ಸಂಬಂಧಗಳನ್ನು ಹೋಲಿಸಬಹುದು. ಮೂರನೆಯದು ಸ್ಕೇಲರ್. ಇಂಟರ್‌ಸೆಪ್ಟ್‌ಗಳೂ (ತಕ್ಕಡಿಯ ಸೊನ್ನೆಯ ಹಾಗೆ, ಪ್ರತಿ ಹೇಳಿಕೆಯ ಆರಂಭದ ಮಟ್ಟ) ಒಂದೇ. ಅಂದರೆ ಒಂದೇ ಮಟ್ಟದ ಆತಂಕ ಇರುವ ಗಂಡಸೂ ಹೆಂಗಸೂ ಆ ಹೇಳಿಕೆಗೆ ಸರಾಸರಿ ಒಂದೇ ಉತ್ತರ ಕೊಡುತ್ತಾರೆ. ಇದು ಸಿಕ್ಕರೆ ಮಾತ್ರ ಸರಾಸರಿಗಳ ಮಾತು.

ಉಪಕರಣಗಳಿಗೆ ದುಡ್ಡು ಬೇಕಿಲ್ಲ. ಆರ್ ಭಾಷೆಯಲ್ಲಿ ಲವಾನ್ ಪ್ಯಾಕೇಜಿದೆ. ಕೋಡ್ ಬರೆಯಲು ಇಷ್ಟವಿಲ್ಲದವರಿಗೆ ಜಾಸ್ಪ್ ಇದೆ. ಅಭ್ಯಾಸಕ್ಕೆ ಆರ್‌ನ ಸೈಕ್ ಪ್ಯಾಕೇಜಿನಲ್ಲಿ ಬಿಎಫ್‌ಐ ಎಂಬ ದತ್ತಾಂಶ ಸಿಗುತ್ತದೆ. 2,800 ಜನ, 25 ಹೇಳಿಕೆ, ಲಿಂಗ, ವಯಸ್ಸು, ಓದು ಎಲ್ಲ ಅದರಲ್ಲಿದೆ. ನಿಮ್ಮ ಅಂಕಿ ಕೈಗೆ ಬರುವ ಮುಂಚೆ ಅದರ ಮೇಲೆ ಹೆಣ್ಣು-ಗಂಡು ಹೋಲಿಕೆ ಮಾಡಿ ಕೈ ಕುದುರಿಸಿಕೊಳ್ಳಿ.

ಮೂರು ಮಾದರಿಗಳನ್ನು ಒಂದಾದ ಮೇಲೆ ಒಂದು ಓಡಿಸಿ, ಪ್ರತಿ ಮೆಟ್ಟಿಲಲ್ಲೂ ಹೊಂದಾಣಿಕೆ ಎಷ್ಟು ಕೆಡುತ್ತದೆ ಎಂದು ನೋಡಿ. ಕೈ-ವರ್ಗ (chi-square) ಪರೀಕ್ಷೆ ದೊಡ್ಡ ಸ್ಯಾಂಪಲ್ಲಿನಲ್ಲಿ ಸಣ್ಣದಕ್ಕೂ ಕೂಗುತ್ತದೆ. ಹಾಗಾಗಿ ಫಾಂಗ್ ಫಾಂಗ್ ಚೆನ್ 2007ರಲ್ಲಿ ಕೊಟ್ಟ ಅಳತೆಗಳನ್ನು ಹೆಚ್ಚು ಜನ ಬಳಸುತ್ತಾರೆ. ಸಿಎಫ್‌ಐ 0.010ಕ್ಕಿಂತ ಜಾಸ್ತಿ ಇಳಿಯಬಾರದು, ಆರ್‌ಎಂಎಸ್‌ಇಎ (ಹೊಂದಾಣಿಕೆಯ ಇನ್ನೊಂದು ಅಳತೆ, ಇದು ಕಡಿಮೆ ಇದ್ದಷ್ಟು ಒಳ್ಳೆಯದು) 0.015ಕ್ಕಿಂತ ಜಾಸ್ತಿ ಏರಬಾರದು. ಕಾನ್ಫಿಗರಲ್ ಮಾದರಿಯ ಸಿಎಫ್‌ಐ 0.942, ಮೆಟ್ರಿಕ್‌ನದ್ದು 0.938, ಸ್ಕೇಲರ್‌ನದ್ದು 0.915 ಬಂತು ಎಂದುಕೊಳ್ಳಿ. ಎರಡನೇ ಮೆಟ್ಟಿಲು ಸಲೀಸು, ಮೂರನೆಯದರಲ್ಲಿ ಮುಗ್ಗರಿಸಿದೆ. ಸಂಬಂಧ ಹೋಲಿಸಬಹುದು, ಸರಾಸರಿಗೆ ಇನ್ನೂ ಅನುಮತಿ ಇಲ್ಲ.

ಈ ಅಳತೆಗಳು ಉತ್ತರಗಳನ್ನು ನಿರಂತರ ಸಂಖ್ಯೆ ಎಂದುಕೊಂಡು ಮಾಡಿದ ಲೆಕ್ಕದಿಂದ ಬಂದವು. ಐದು ಮನೆಗಳ ಉತ್ತರವನ್ನು ಕ್ರಮಸೂಚಕ ಎಂದು ತೆಗೆದುಕೊಂಡರೆ ಇಂಟರ್‌ಸೆಪ್ಟ್ ಬದಲು ಥ್ರೆಶೋಲ್ಡ್‌ಗಳ (ಒಂದು ಮನೆಯಿಂದ ಮುಂದಿನ ಮನೆಗೆ ಉತ್ತರ ದಾಟುವ ಗಡಿಗಳ) ಸಮಾನತೆ ನೋಡಬೇಕು. ಆಗ 0.010 ಎಂಬುದನ್ನು ಗೆರೆ ಎಳೆದ ಹಾಗೆ ಹಿಡಿಯಬೇಡಿ.

ಲಿಂಗದ ಪರೀಕ್ಷೆಯನ್ನು ಮೊದಲು ಒಂದೊಂದು ಸಂಸ್ಕೃತಿಯ ಒಳಗೇ ಮಾಡಿ, ಆಮೇಲೆ ಸಂಸ್ಕೃತಿಗಳ ನಡುವೆ, ಕೊನೆಗೆ ನಾಲ್ಕೂ ಗುಂಪು ಒಟ್ಟಿಗೆ. ಒಂದೇ ಊರಿನ ಹೆಣ್ಣು ಗಂಡಿನ ನಡುವೆ ಮೂರೂ ಮೆಟ್ಟಿಲು ದಾಟುವುದು ಅಪರೂಪವಲ್ಲ. ಭಾಷೆ, ದೇಶ ಬದಲಾದಾಗ ಮೂರನೆಯದು ಮುರಿಯುವುದೇ ಹೆಚ್ಚು. ನಾಲ್ಕನ್ನೂ ಕಲಸಿ ಶುರುಮಾಡಿದರೆ ಎಲ್ಲಿ ಮುರಿಯಿತು ಎಂದು ಹುಡುಕುವುದೇ ಕಷ್ಟ.

ಮುರಿದದ್ದು ಯಾವ ಹೇಳಿಕೆ?

ಸ್ಕೇಲರ್ ಬರಲಿಲ್ಲ ಎಂದರೆ ಪ್ರಶ್ನಾವಳಿ ಸತ್ತಿತು ಎಂದಲ್ಲ. ಸಾಮಾನ್ಯವಾಗಿ ಕೆಲವೇ ಹೇಳಿಕೆಗಳು ತೊಂದರೆ ಕೊಡುತ್ತವೆ. ಮಾಡಿಫಿಕೇಶನ್ ಇಂಡೆಕ್ಸ್ ನೋಡಿ. ಯಾವ ಹೇಳಿಕೆಯ ಕಟ್ಟು ಸಡಿಲಿಸಿದರೆ ಹೊಂದಾಣಿಕೆ ಎಷ್ಟು ಸುಧಾರಿಸುತ್ತದೆ ಎಂದು ಅದು ಹೇಳುತ್ತದೆ. ಅಥವಾ ಲಾಜಿಸ್ಟಿಕ್ ರಿಗ್ರೆಶನ್‌ನಿಂದ ಒಂದೊಂದೇ ಹೇಳಿಕೆ ಪರೀಕ್ಷಿಸಿ: ಗುಣದ ಒಟ್ಟು ಅಂಕ ಸಮ ಮಾಡಿದ ಮೇಲೂ ಲಿಂಗ ಉತ್ತರವನ್ನು ಬದಲಾಯಿಸುತ್ತದೆಯೇ?

ಅಳುವಿನ ಹೇಳಿಕೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಸಿಇಎಸ್-ಡಿ ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ, ಒಟ್ಟು ಖಿನ್ನತೆ ಒಂದೇ ಮಟ್ಟದಲ್ಲಿದ್ದರೂ ಅಳುವಿನ ಹೇಳಿಕೆಗೆ ಹೆಂಗಸರು ಗಂಡಸರಿಗಿಂತ ಹೆಚ್ಚು ಹೌದು ಎನ್ನುತ್ತಾರೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಗಂಡಸು ಅಳಬಾರದು ಎಂಬ ಕಟ್ಟು ಇರುವ ಕಡೆಯೆಲ್ಲ ಇದು ಆಗುವಂಥದ್ದೇ. ಅಂಥ ಎರಡು ಹೇಳಿಕೆ ಆತಂಕದ ಪಟ್ಟಿಯಲ್ಲಿ ಸೇರಿದರೆ ಹೆಂಗಸರ ಸರಾಸರಿ ಸುಮ್ನೆ ಏರುತ್ತದೆ.

ತಪ್ಪಿದ ಹೇಳಿಕೆ ಸಿಕ್ಕ ಕೂಡಲೇ ಕಿತ್ತುಹಾಕಬೇಡಿ. ಸಂದರ್ಶನದ ಟಿಪ್ಪಣಿ ತೆರೆಯಿರಿ. ಮನೆಗೆಲಸದ ಹೇಳಿಕೆಯ ಬಗ್ಗೆ ಬರೆದಿಟ್ಟ ಊಹೆ ನಿಜವಾಯಿತೇ? ಕಾರಣ ಗೊತ್ತಾದರೆ ಹೇಳಿಕೆಯನ್ನು ತಿದ್ದಬಹುದು. ತಿದ್ದಿದ್ದನ್ನು ಹೊಸ ಸ್ಯಾಂಪಲ್ಲಿನಲ್ಲೇ ಪರೀಕ್ಷಿಸಬೇಕು, ಹಳೆಯದರಲ್ಲಿ ಅಲ್ಲ. ತಿದ್ದಲು ಸಮಯವಿಲ್ಲದಿದ್ದರೆ ಆ ಹೇಳಿಕೆಯ ಇಂಟರ್‌ಸೆಪ್ಟ್ ಮಾತ್ರ ಬಿಡುಗಡೆ ಮಾಡಿ, ಅಂದರೆ ಅದು ಎರಡೂ ಗುಂಪಿನಲ್ಲಿ ಒಂದೇ ಇರಬೇಕು ಎಂಬ ಕಟ್ಟನ್ನು ತೆಗೆಯಿರಿ. ಇದಕ್ಕೆ ಪಾರ್ಶಿಯಲ್ ಇನ್ವೇರಿಯನ್ಸ್ ಎನ್ನುತ್ತಾರೆ. ಬರ್ನ್, ಶಾವೆಲ್ಸನ್, ಮುಥೇನ್ 1989ರಿಂದ ಇದಕ್ಕೆ ದಾರಿ ತೋರಿದ್ದಾರೆ. ಹತ್ತರಲ್ಲಿ ಎರಡನ್ನು ಹೀಗೆ ಬಿಡುಗಡೆ ಮಾಡಿದರೆ ನಡೆಯುತ್ತದೆ. ಆರನ್ನು ಮಾಡಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಆ ಹೇಳಿಕೆಗಳು ಇದ್ದಾಗ ವ್ಯತ್ಯಾಸ ಎಷ್ಟು, ಬಿಟ್ಟಾಗ ಎಷ್ಟು ಎಂದು ಎರಡನ್ನೂ ವರದಿ ಮಾಡಿ. ಓದುವವರಿಗೆ ನಿಜವಾಗಿ ಬೇಕಾದ ಸಂಖ್ಯೆ ಅದು.

ಈಗ ಸರಾಸರಿ

ಇಷ್ಟಾದ ಮೇಲೆ ಲೇಟೆಂಟ್ ಸರಾಸರಿಗಳನ್ನು (ಮಾದರಿ ಅಂದಾಜು ಮಾಡಿದ, ಗುಣದ್ದೇ ಸರಾಸರಿಗಳನ್ನು) ಹೋಲಿಸಿ, ಎಫೆಕ್ಟ್ ಸೈಜ್, ಅಂದರೆ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಬರೆಯಿರಿ. ಪಿ-ಬೆಲೆ ಒಂದೇ ಸಾಲದು.

ಹಿಂದಿನವರು ಏನು ಕಂಡರು ಎಂಬುದರ ಪಕ್ಕ ಇಟ್ಟು ನೋಡಿ. ಕೋಸ್ಟಾ, ಟೆರ್ರಾಚಿಯಾನೋ, ಮೆಕ್ರೇ 2001ರಲ್ಲಿ 26 ಸಂಸ್ಕೃತಿಗಳ ಅಂಕಿ ಕೊಟ್ಟರು. ಡೇವಿಡ್ ಸ್ಮಿಟ್ ಮತ್ತು ಜೊತೆಗಾರರು 2008ರಲ್ಲಿ 55 ದೇಶಗಳದ್ದು ಕೊಟ್ಟರು. ಹೆಚ್ಚಿನ ಕಡೆ ಹೆಂಗಸರ ಆತಂಕದ ಅಂಕ ಗಂಡಸರಿಗಿಂತ ಹೆಚ್ಚು. ಅಚ್ಚರಿಯ ವಿಷಯ ಎಂದರೆ ಶ್ರೀಮಂತ, ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಈ ವ್ಯತ್ಯಾಸ ಚಿಕ್ಕದಲ್ಲ, ದೊಡ್ಡದು.

ಯಾಕೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಒಂದು ವಿವರಣೆ ನಮ್ಮ ಸಂದರ್ಶನದ ಮೂರನೇ ಪ್ರಶ್ನೆಗೆ ಸಂಬಂಧಿಸಿದ್ದು. ಉತ್ತರಿಸುವಾಗ ಜನ ತಮ್ಮನ್ನು ಯಾರಿಗೆ ಹೋಲಿಸಿಕೊಳ್ಳುತ್ತಾರೆ? ತೀರ್ಥಹಳ್ಳಿಯ ಗೃಹಿಣಿ ತನ್ನ ಓರಗಿತ್ತಿ, ನೆರೆಮನೆಯವರ ಜೊತೆ ಹೋಲಿಸಿಕೊಂಡು "ನಾನು ಅಷ್ಟೇನೂ ಆತಂಕದವಳಲ್ಲ" ಎನ್ನಬಹುದು. ಗಂಡಸರ ಜೊತೆ ಅವಳು ಹೋಲಿಸಿಕೊಳ್ಳಲೇ ಇಲ್ಲ. ಆಗ ಲಿಂಗಭೇದ ಇದ್ದರೂ ಅಂಕದಲ್ಲಿ ಕಾಣುವುದಿಲ್ಲ. ಸ್ಟೀವನ್ ಹೈನ್ ಮತ್ತು ಜೊತೆಗಾರರು 2002ರಲ್ಲಿ ಸಂಸ್ಕೃತಿಗಳ ಹೋಲಿಕೆಯಲ್ಲಿ ಇಂಥದ್ದೇ ತೊಂದರೆಯನ್ನು ತೋರಿಸಿದರು. ಎಲ್ಲ ಹೇಳಿಕೆಗಳೂ ಒಟ್ಟಿಗೆ ಒಂದೇ ಕಡೆ ವಾಲಿದರೆ ಸ್ಕೇಲರ್ ಪರೀಕ್ಷೆಗೂ ಇದು ಸಿಗುವುದಿಲ್ಲ. ಹಾಗಾಗಿ ಮೂರೂ ಮೆಟ್ಟಿಲು ಹತ್ತಿದ ಮೇಲೂ ಸಂದರ್ಶನದ ಉತ್ತರಗಳನ್ನು ವರದಿಗೆ ಸೇರಿಸಲೇಬೇಕು.

ಹೊರಗಿನ ಪುರಾವೆ

ಸಮಾನತೆ ಎಂದರೆ ಸಿಂಧುತ್ವ (ಅಳೆಯಬೇಕಾದ್ದನ್ನೇ ಅಳೆಯುವುದು) ಅಲ್ಲ. ಎರಡೂ ಗುಂಪಿನಲ್ಲಿ ಒಂದೇ ಥರ ತಪ್ಪನ್ನು ಅಳೆಯಲೂಬಹುದು. ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಜನರ ಒಂದು ಭಾಗದಿಂದ ಮತ್ತೆ ತುಂಬಿಸಿ. ಹತ್ತಿರದ ಒಬ್ಬ ಸ್ನೇಹಿತರಿಂದ ಅಥವಾ ಮನೆಯವರಿಂದ ಅವರ ಬಗ್ಗೆಯೇ ಅದೇ ಹೇಳಿಕೆಗಳಿಗೆ ಉತ್ತರ ಪಡೆಯಿರಿ. ಸ್ವಂತ ಅಂಕಕ್ಕೂ ಹತ್ತಿರದವರ ಅಂಕಕ್ಕೂ ನಂಟು ಹೆಂಗಸರಲ್ಲೂ ಗಂಡಸರಲ್ಲೂ ಕಂಡರೆ ಅದಕ್ಕಿಂತ ಒಳ್ಳೆಯ ಪುರಾವೆ ವಿದ್ಯಾರ್ಥಿಯ ಕೈಗೆಟುಕುವಲ್ಲಿ ಇಲ್ಲ. ಕಾಲೇಜಾದರೆ ಹಾಜರಾತಿ, ಅಂಕಗಳನ್ನು ಒಪ್ಪಿಗೆ ಪಡೆದು ಅಚ್ಚುಕಟ್ಟುತನದ ಜೊತೆ ಇಟ್ಟು ನೋಡಬಹುದು.

ಈ ಪ್ರಶ್ನಾವಳಿಯನ್ನು ಕೆಲಸಕ್ಕೆ ಆರಿಸಲು, ಮದುವೆಗೆ ಹೊಂದಿಸಲು, ಯಾರಿಗಾದರೂ ಹಣೆಪಟ್ಟಿ ಕಟ್ಟಲು ಕೊಡಬೇಡಿ. ಕೇಳುವವರು ಖಂಡಿತ ಬರುತ್ತಾರೆ. ಗುಂಪುಗಳ ಸಂಶೋಧನೆಗೆ ಪರೀಕ್ಷಿಸಿದ್ದು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡುವ ಅರ್ಹತೆ ಪಡೆದಿರುವುದಿಲ್ಲ.

ವರದಿ ಮತ್ತು ಹಂಚಿಕೆ

ಪ್ರತಿ ಹೇಳಿಕೆಯ ಮೂಲ, ಕನ್ನಡ ರೂಪ, ಬದಲಾಯಿಸಿದ್ದರೆ ಕಾರಣ. ನಾಲ್ಕೂ ಗುಂಪುಗಳ ವಯಸ್ಸು, ಓದು, ಮನೆಮಾತು. ಎಷ್ಟು ಹಾಳೆ ಬಿಟ್ಟಿರಿ, ಯಾಕೆ. ಮೂರೂ ಮೆಟ್ಟಿಲಿನ ಪಟ್ಟಿ. ಇಷ್ಟು ಇಲ್ಲದ ವರದಿಯನ್ನು ಮುಂದಿನವರು ಬಳಸಲಾರರು. ಸ್ಕೇಲರ್ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಿರಿ. ಅದೂ ಫಲಿತಾಂಶವೇ, ಮಾರ್ಗದರ್ಶಕರ ಜೊತೆ ಈ ಮಾತನ್ನು ಮೊದಲೇ ಆಡಿಕೊಂಡಿರಿ.

ಉತ್ತರ ಕೊಟ್ಟವರಿಗೆ ಒಂದು ಪುಟದ ಕನ್ನಡ ಸಾರಾಂಶ ತಲುಪಿಸಿ. ಸಂಘದ ಸಭೆಯಲ್ಲಿ ಓದಿ ಹೇಳಿದರೂ ಆಯಿತು. ಮೂಲ ಮುಕ್ತವಾಗಿದ್ದರೆ ಅನುವಾದವನ್ನೂ ಮುಕ್ತವಾಗಿ ಇಡಿ. ಕೈಬಿಟ್ಟ ಹೇಳಿಕೆಗಳ ಪಟ್ಟಿ, ಅವು ಯಾರ ಮೇಲೆ ಹೇಗೆ ಮುಗ್ಗರಿಸಿದವು ಎಂಬ ಟಿಪ್ಪಣಿ ಅದರ ಜೊತೆಗಿರಲಿ. ನಾಳೆ ಬೀದರಿನಲ್ಲೋ ಮಂಗಳೂರಿನಲ್ಲೋ ಇದೇ ಕೆಲಸಕ್ಕೆ ಕೂರುವವರಿಗೆ ಮೊದಲು ಬೇಕಾಗುವುದು ಆ ಪಟ್ಟಿ.